ಹಲ್ಲು ಡಾಕ್ಟರ ಹೊಸ ಕೋವಿ

ಸಾಮ್ರಾಜ್ಯಗಳು ಉರುಳಿದ ದಿನಗಳನ್ನು ಇತಿಹಾಸ ಜೋಪಾನವಾಗಿ ಬರೆದಿಟ್ಟುಕೊಂಡಿದೆ. ಹಲ್ಲು ಡಾಕ್ಟರ ಹೊಸ ಕೋವಿಯ ಬಾಯಲ್ಲಿ ಖಾಲಿ ತೋಟಾ ಸಿಕ್ಕಿಕೊಂಡ ಭಾನುವಾರವನ್ನೂ ಆ ಸಾಲಿಗೆ ಸೇರಿಸದೆ ವಿಧಿಯಿಲ್ಲ.

ಶೂಟಿಂಗ್ ಕ್ಲಬ್ಬಿನ ಬಯಲಿನಲ್ಲಿ ಅಂದು ಅಭ್ಯಾಸ ನಡೆದಿತ್ತು. ಯಂತ್ರ ಎರಡು ಮಣ್ಣಿನ ಬಿಲ್ಲೆಗಳನ್ನು ಒಟ್ಟಿಗೇ ಆಕಾಶಕ್ಕೆ ಚಿಮ್ಮಿಸುತ್ತದೆ. ಅವು ನೆಲ ಮುಟ್ಟುವ ಮೊದಲು ಎರಡನ್ನೂ ಹೊಡೆಯಬೇಕು. ಡಾಕ್ಟರು ಮೊದಲನೆಯದನ್ನು ಪುಡಿ ಮಾಡಿದರು. ಕೋವಿ ಮಾರಿದ ಅಂಗಡಿಯವನು ಕೊಟ್ಟ ಮಾತಿನ ಪ್ರಕಾರ ಖಾಲಿ ತೋಟಾ ತಾನಾಗಿ ಹೊರಗೆ ಹಾರಿ, ಇನ್ನೊಂದು ತಾನಾಗಿ ಒಳಗೆ ಬರಬೇಕಿತ್ತು. ಖಾಲಿ ತೋಟಾ ಅರ್ಧ ಹೊರಬಂದು, ಮನೆ ಖಾಲಿ ಮಾಡಲೊಲ್ಲದ ಬಾಡಿಗೆದಾರನಂತೆ ಬಾಗಿಲಲ್ಲೇ ಅಡ್ಡ ನಿಂತಿತು. ಎರಡನೆಯ ಬಿಲ್ಲೆ ಯಾರ ಹಂಗೂ ಇಲ್ಲದೆ ಹುಲ್ಲಿನ ಮೇಲೆ ಇಳಿದು ಕೂತಿತು.

"ಏನಣ್ಣಾ, ಹೊಸ ಸೊಸೆ ಮುನಿಸ್ಕೊಂಡ್ಲಾ?" ಎಂದ ಷಡ್ಡಕ.

ಡಾಕ್ಟರ ನಾದಿನಿಯ ಗಂಡನಾದ ಈ ಷಡ್ಡಕನಿಗೆ ಸಿಮೆಂಟ್ ವ್ಯಾಪಾರ. ಅವನದು ಹಳೆಯ ಜೋಡುನಳಿಗೆ ಕೋವಿ. ಕೈಯಿಂದಲೇ ತೆಗೆದು, ಕೈಯಿಂದಲೇ ತುಂಬಿ, ಕೈಯಿಂದಲೇ ಮುಚ್ಚಬೇಕು. ಪಕ್ಕದ ಊರಿನವರ ಎದುರಿನ ಪಂದ್ಯಕ್ಕೆ ಕ್ಲಬ್ಬಿನ ತಂಡದಲ್ಲಿ ಒಂದೇ ಒಂದು ಸ್ಥಾನ ಉಳಿದಿತ್ತು. ವರ್ಷಗಳಿಂದ ಅದು ಡಾಕ್ಟರದು. ಈ ಸಲ ಷಡ್ಡಕನೂ ಅದರ ಮೇಲೆ ಕಣ್ಣು ಹಾಕಿದ್ದ. ಅದನ್ನು ಬಿಟ್ಟುಕೊಡಬಾರದೆಂದೇ ಡಾಕ್ಟರು ಹೊಸ ಕೋವಿ ತಂದದ್ದು.

ಮರುದಿನ ಅಂಗಡಿಯವನ ಮುಂದೆ ಕೋವಿಯನ್ನು ಸತ್ತ ಹೆಗ್ಗಣ ಹಿಡಿದಂತೆ ಹಿಡಿದು ಇಟ್ಟರು.

"ಹೊಸದಲ್ವಾ ಸಾರ್, ಬಿಗಿ ಇರುತ್ತೆ. ಭಾರದ ತೋಟಾ ಹಾಕಿ ಸ್ವಲ್ಪ ದಿನ ಪಳಗಿಸಿ."

"ಕ್ಲಬ್ಬಲ್ಲಿ ಹಗುರದ್ದು ಬಿಟ್ಟು ಬೇರೇದು ಹಾರಿಸೋ ಹಾಗಿಲ್ಲ."

"ಹಾಗಾದ್ರೆ ಕ್ಲಬ್ಬಿನವರಿಗೆ ಒಂದು ಮಾತು ಹೇಳಿ ನೋಡಿ."

"ಅಲ್ರೀ, ನಾನು ತಗೊಂಡಿದ್ದು ಕೋವಿನೋ ಕತ್ತೆಮರಿನೋ? ಪಳಗಿಸೋದು ಅಂದ್ರೇನ್ರೀ?"

"ಇಲ್ಲೇ ಬಿಟ್ಟು ಹೋಗಿ ಸಾರ್. ಕಂಪನಿ ಮೆಕ್ಯಾನಿಕ್ ಬಂದಾಗ ನೋಡ್ತಾರೆ."

"ಯಾವಾಗ ಬರ್ತಾರೆ?"

"ಬಂದಾಗ ಫೋನ್ ಮಾಡ್ತೀನಿ."

ಡಾಕ್ಟರು ಕೋವಿಯನ್ನು ಎತ್ತಿಕೊಂಡು ಬಂದರು. ಅದಕ್ಕೆ ಎಣ್ಣೆ ಹಾಕಿದರು, ಸಿಕ್ಕಿಕೊಂಡಿತು. ಎಣ್ಣೆ ಒರೆಸಿದರು, ಆಗಲೂ ಸಿಕ್ಕಿಕೊಂಡಿತು. ಬೇಸರವೆಂದರೆ ಅದಕ್ಕೊಂದು ನಿಯಮವೂ ಇರಲಿಲ್ಲ. ಕೆಲವೊಮ್ಮೆ ಸರಾಗವಾಗಿ ಕೆಲಸ ಮಾಡಿ ಆಸೆ ಹುಟ್ಟಿಸಿ, ಆಮೇಲೆ ಕೈಕೊಡುತ್ತಿತ್ತು. ಜನ್ಮದಲ್ಲಿ ಬ್ರಷ್ ಮುಟ್ಟದ ಬಾಯಿಗಳಲ್ಲಿ ಕೈಯಾಡಿಸಿ ಅನ್ನ ತಿಂದವರು ಡಾಕ್ಟರು. ಯಾವ ಬಾಯಿಗೂ ಹೇಸದವರಿಗೆ ಈ ಲೋಹದ ಬಾಯಿಯ ಜಿಡ್ಡು, ಮಸಿ, ಸುಟ್ಟ ವಾಸನೆ ಕಂಡು ವಾಕರಿಕೆ ಬರತೊಡಗಿತು.

ತಂಡದ ಆ ಸ್ಥಾನಕ್ಕೆ ಆಯ್ಕೆ ನಡೆಯುವ ಹಿಂದಿನ ದಿನ ಕ್ಲಿನಿಕ್ಕಿನಲ್ಲಿ ಅವರು ಕೋವಿಯ ಹೊಟ್ಟೆ ಬಿಚ್ಚಿ, ಬಿಡಿಭಾಗಗಳನ್ನು ಸ್ಟೀಲ್ ತಟ್ಟೆಯಲ್ಲಿ ಜೋಡಿಸಿ, ಮೇಲಿನ ದೀಪವನ್ನು ಬಗ್ಗಿಸಿಕೊಂಡರು. ಖಾಲಿ ತೋಟಾದ ಅಂಚನ್ನು ಹಿಡಿದು ಹೊರಗೆಳೆಯುವ ಪುಟ್ಟ ಕೊಕ್ಕೆಯೊಂದು ಹಲ್ಲು ನೋಡುವ ಕನ್ನಡಿಯಲ್ಲಿ ಕಂಡಿತು. ಬೆರಳಾಡಿಸಿದರು. ಚುಚ್ಚಿತು.

"ಸಿಕ್ತು ಕಣೇ! ನೋಡಿಲ್ಲಿ, ಎಷ್ಟು ಚೂಪು. ನಯ ಮಾಡೋದನ್ನೇ ಮರೆತು ಕಳಿಸಿದಾರೆ ಬೇಕೂಫರು."

ಮುಂದಿನ ಕೋಣೆಯಲ್ಲಿ ರೋಗಿಗಳಿಗೆ ಚೀಟಿ ಕೊಡುವ ಕೆಲಸ ಡಾಕ್ಟರ ಹೆಂಡತಿಯದು. ಬಾಗಿಲಿಂದ ಇಣುಕಿದರು. "ಅದು ಚೂಪಾಗೇ ಇರಬೇಕೇನೋ ರೀ. ಉಗುರಿಲ್ಲದೆ ಕಿತ್ತಳೆ ಸುಲಿಯೋಕಾಗುತ್ತಾ?"

"ಹಲ್ಲು ಚೂಪಾದ್ರೆ ನಾಲಿಗೆ ಕುಯ್ಯುತ್ತೆ. ನಯ ಮಾಡಿದ್ರೆ ತಾನೇ ಸರಿಹೋಗುತ್ತೆ. ಇಷ್ಟು ವರ್ಷ ನಾನು ಮಾಡ್ತಿರೋದೇನು?"

"ಏನೋಪ್ಪ. ಹೊರಗೆ ಇಬ್ಬರು ದವಡೆ ಹಿಡ್ಕೊಂಡು ಕೂತಿದಾರೆ. ನಿಮ್ಮ ಈ ಪೇಷಂಟಿಗೆ ನೋವಿಲ್ಲ, ಅವರಿಗಿದೆ."

ಹಲ್ಲು ಕೊರೆಯುವ ಯಂತ್ರ ಗುಂಯ್‌ಗುಟ್ಟಿತು. ಕೊಕ್ಕೆಯ ಮೂತಿ ದುಂಡಗಾಯಿತು, ಹೊಳೆಯಿತು. ಡಾಕ್ಟರು ಕೋವಿಯನ್ನು ಮತ್ತೆ ಜೋಡಿಸಿ, ತೋಟಾ ಹಾಕದೆಯೇ ನಾಲ್ಕಾರು ಸಲ ಎಳೆದು ಬಿಟ್ಟು ನೋಡಿದರು. ಬೆಣ್ಣೆ! ಪೇಟೆಯ ನಡುವಿನ ಕ್ಲಿನಿಕ್ಕಿನಲ್ಲಿ ಗುಂಡು ಹಾರಿಸಿ ನೋಡುವಂತಿರಲಿಲ್ಲ.

ಆಯ್ಕೆಗೆ ಮುನ್ನ ಕ್ಲಬ್ಬಿನ ಕಾರ್ಯದರ್ಶಿ ನಿಯಮ ಓದಿದರು: ಕೋವಿ ಕೆಟ್ಟು ನಿಂತರೆ ಎರಡು ಸಲ ಮಾಫಿ, ಆ ಜೋಡಿ ಬಿಲ್ಲೆಯನ್ನು ಮತ್ತೆ ಹಾರಿಸಲಾಗುವುದು. ಮೂರನೆಯ ಸಲದಿಂದ ಹೊಡೆಯದೆ ಬಿಟ್ಟ ಬಿಲ್ಲೆ ತಪ್ಪಿದ ಬಿಲ್ಲೆಯೇ.

ಡಾಕ್ಟರು ಮೊದಲ ಬಿಲ್ಲೆಯನ್ನು ಹೊಡೆದರು. ಈ ಸಲ ಖಾಲಿ ತೋಟಾ ಬಾಗಿಲವರೆಗೂ ಬರಲಿಲ್ಲ. ದುಂಡಗಾದ ಕೊಕ್ಕೆ ಅದರ ಅಂಚಿನ ಮೇಲೆ ಜಾರಿಹೋಯಿತು. ತೋಟಾ ನಳಿಗೆಯೊಳಗೇ ಸುಖವಾಗಿ ಕೂತಿತು. ಮುಂದಿನಿಂದ ಮರದ ಕೋಲು ತೂರಿಸಿ ತಳ್ಳಿದ ಮೇಲೆಯೇ ಅದು ಹೊರಬಂದದ್ದು.

"ಒಂದು," ಎಂದರು ಕಾರ್ಯದರ್ಶಿ.

ಮತ್ತೆ ಹಾರಿಸಿದರು. ಮತ್ತೆ ಕೋಲು.

"ಎರಡು. ಡಾಕ್ಟ್ರೇ, ಇನ್ನು ನನ್ನ ಕೈಲೇನೂ ಇಲ್ಲ."

ಮೂರನೆಯದಕ್ಕೆ ಕಾರ್ಯದರ್ಶಿ ಬಾಯಿ ತೆರೆಯಲಿಲ್ಲ, ಪೆನ್ನು ತೆರೆದರು. ಮೊದಲು ಆಗೊಮ್ಮೆ ಈಗೊಮ್ಮೆ ಕೈಕೊಡುತ್ತಿದ್ದ ಕೋವಿ ಈಗ ಪ್ರತಿ ಸಲವೂ ಕೈಕೊಡುತ್ತಿತ್ತು. ತಾನೇ ಅದರ ಉಗುರು ಕಿತ್ತಿದ್ದೇನೆಂದು ಡಾಕ್ಟರಿಗೆ ತಿಳಿಯಿತು. ಅದರಿಂದ ಕೋವಿಯ ಮೇಲಿನ ಅಸಹ್ಯ ಎಳ್ಳಷ್ಟೂ ಕಡಿಮೆಯಾಗಲಿಲ್ಲ. ಆ ಅಸಹ್ಯದಲ್ಲಿ ಪಾಲು ಪಡೆಯಲು ಈಗ ತಾವೂ ಸೇರಿಕೊಂಡರು, ಅಷ್ಟೇ.

ಷಡ್ಡಕ ಹತ್ತಿರ ಬಂದ. ಈಗ ಅವನ ಮುಖದಲ್ಲಿ ನಗುವಿರಲಿಲ್ಲ. "ಅಣ್ಣಾ, ನಂದು ತಗೊಂಡು ಹೊಡೀರಿ. ನಿಯಮದಲ್ಲಿ ಅಡ್ಡಿಯಿಲ್ಲ, ಕೇಳ್ದೆ."

ಡಾಕ್ಟರು ಅವನ ಕೋವಿಯನ್ನೂ ತಮ್ಮ ಕೈಯಲ್ಲಿದ್ದುದನ್ನೂ ಒಮ್ಮೆ ನೋಡಿದರು.

"ಬೇಡಪ್ಪ. ಕೈಯಾರೆ ತಂದ ದರಿದ್ರ ಇದು. ಪೂರ್ತಿ ಅನುಭವಿಸೇಬಿಡ್ತೀನಿ."

ಅನುಭವಿಸಿದರು. ಪ್ರತಿ ಜೋಡಿಯಲ್ಲೂ ಒಂದು ಬಿಲ್ಲೆ ಪುಡಿ, ಇನ್ನೊಂದು ಹುಲ್ಲಿಗೆ, ನಡುನಡುವೆ ಕೋಲು. ಕೊನೆಯ ತೋಟಾವನ್ನು ತಳ್ಳುವ ಗೋಜಿಗೂ ಹೋಗದೆ ಕೋವಿಯನ್ನು ಚೀಲಕ್ಕೆ ತುರುಕಿ, ಕೈಗೆ ಮೂರು ಸಲ ಸೋಪು ಹಾಕಿ ತೊಳೆದುಕೊಂಡರು.

ತಂಡದ ಕೊನೆಯ ಸ್ಥಾನ ಷಡ್ಡಕನಿಗೆ ಹೋಯಿತು.