ಎಡಗೈಯ ಸಹಿ

ದೇಶದ ಅಧ್ಯಕ್ಷ ಅಮೋಸ್ ಲಾಕ್‌ರಿಡ್ಜ್ ಅವರ ಕೈಯಿಂದ ಕಾಫಿ ಲೋಟ ಜಾರಿ ಬಿದ್ದಾಗ ಡಾಕ್ಟರ್ ಆಸಾ ಪೆಟಿಗ್ರೂ ಎದುರಿಗೇ ಕೂತಿದ್ದರು. ರೈಲು ಇಲಿನಾಯ್ ರಾಜ್ಯದ ಜೋಳದ ಹೊಲಗಳ ನಡುವೆ ಕುಲುಕುತ್ತ ಓಡುತ್ತಿತ್ತು. ಯಾರ ಕೈಯಿಂದಲಾದರೂ ಲೋಟ ಜಾರಬಹುದಿತ್ತು. ಆದರೆ ಅಧ್ಯಕ್ಷರು ಬಿದ್ದ ಲೋಟದ ಕಡೆ ನೋಡಲಿಲ್ಲ. ತೊಡೆಯ ಮೇಲೆ ಬಿಸಿ ಕಾಫಿ ಚೆಲ್ಲಿದ್ದಕ್ಕೆ ಬೆಚ್ಚಲೂ ಇಲ್ಲ. ತಮ್ಮ ಬಲಗೈಯನ್ನೇ, ಯಾರೋ ಮರೆತು ಬಿಟ್ಟುಹೋದ ಸಾಮಾನಿನ ಹಾಗೆ ನೋಡುತ್ತಿದ್ದರು.

ಡಾಕ್ಟರು ಎದ್ದು ಬಾಗಿಲ ಚಿಲಕ ಹಾಕಿದರು.

"ಅಮೋಸ್, ನನ್ನ ಬೆರಳು ಹಿಡಿ ನೋಡೋಣ. ಗಟ್ಟಿಯಾಗಿ."

ಎಡಗೈ ಹಿಡಿಯಿತು. ಬಲಗೈ ಅಲ್ಲಾಡಲಿಲ್ಲ. ಅಧ್ಯಕ್ಷರು ಏನೋ ಹೇಳಹೋದರು; ತುಟಿಯ ಒಂದು ಮೂಲೆ ಮಾತ್ರ ಎದ್ದಿತು, ಮಾತು ಬಾಯೊಳಗೇ ಕಲಸಿಹೋಯಿತು. ಲಕ್ವ. ಇದು ಡಾಕ್ಟರಿಗೆ ಮೊದಲ ಗಳಿಗೆಯಲ್ಲೇ ಗೊತ್ತಾಗಿತ್ತು. ಆದರೂ ಮತ್ತೊಮ್ಮೆ ಕೈ ಒತ್ತಿ ನೋಡಿದರು, ಮತ್ತೊಮ್ಮೆ ಕಣ್ಣಿನ ಪಾಪೆ ನೋಡಿದರು. ರೋಗಿ ಇಪ್ಪತ್ತು ವರ್ಷದ ಗೆಳೆಯನಾದರೆ ಕಂಡದ್ದನ್ನು ನಂಬುವುದು ಕಷ್ಟ.

ಬಾಗಿಲು ತಟ್ಟಿದ ಅಧ್ಯಕ್ಷರ ಹೆಂಡತಿ ಹೆಟ್ಟಿಯನ್ನು ಡಾಕ್ಟರು ಚಿಲಕ ತೆಗೆದು ಒಳಗೆ ಬಿಟ್ಟರು; ಅವಳು ನೋಡಿದ ಕೂಡಲೇ ಗಂಡನ ಪಕ್ಕ ಮಂಡಿಯೂರಿ ಅವರ ಗಲ್ಲದ ಮೇಲಿನ ಜೊಲ್ಲು ಒರೆಸಿದಳು. ಅಳಲಿಲ್ಲ. ಅವಳ ಹಿಂದೆಯೇ ಅಧ್ಯಕ್ಷರ ಆಪ್ತ ಕಾರ್ಯದರ್ಶಿ ನೆಡ್ ಫಾರ್ಲೋ ಒಳಗೆ ಬಂದು ಬಾಗಿಲಿಗೆ ಬೆನ್ನು ಕೊಟ್ಟು ನಿಂತ.

"ಮುಂದಿನ ನಿಲ್ದಾಣ ಮಾರ್ಬರಿ," ಅಂದ ಫಾರ್ಲೋ. "ಟ್ರಸ್ಕಾಟ್ ಅಲ್ಲಿ ಹತ್ತುತ್ತಾನೆ."



ಇಡೀ ಪ್ರವಾಸ ಹೊರಟದ್ದೇ ಆ ಒಬ್ಬ ಮನುಷ್ಯನಿಗಾಗಿ. ಗಣಿಗಳ ಸುರಕ್ಷತೆಯ ಮಸೂದೆ ಆ ವಾರವೇ ಸೆನೆಟ್‌ನಲ್ಲಿ ಮತಕ್ಕೆ ಬರುವುದಿತ್ತು. ಗೆಲ್ಲಲು ಒಂದು ಮತ ಕಡಿಮೆ ಬೀಳುತ್ತಿತ್ತು. ಆ ಮತ ಸ್ವಂತ ಪಕ್ಷದಲ್ಲೇ ಇದ್ದು ಹದಿನೈದು ವರ್ಷದಿಂದ ಲಾಕ್‌ರಿಡ್ಜ್ ಜೊತೆ ಕಿತ್ತಾಡುತ್ತಿದ್ದ ಸೆನೆಟರ್ ಎಜ್ರಾ ಟ್ರಸ್ಕಾಟ್‌ನದು. ಅಧ್ಯಕ್ಷರ ಬಾಯಿಂದಲೇ ಕೇಳಿದ ಮೇಲೆ ತೀರ್ಮಾನ ಹೇಳುತ್ತೇನೆ ಅಂದಿದ್ದ. ಅಧ್ಯಕ್ಷರು ಹಾಸಿಗೆ ಹಿಡಿದರೆ ಅಧಿಕಾರ ಉಪಾಧ್ಯಕ್ಷ ವ್ಹೀಲಾಕ್‌ನ ಕೈಗೆ ಹೋಗುತ್ತದೆ. ವ್ಹೀಲಾಕ್ ಗಣಿ ಮಾಲೀಕರ ಮನುಷ್ಯ. ಅವನು ಮಸೂದೆಗೆ ಸಹಿ ಹಾಕುವುದಿಲ್ಲ ಅನ್ನುವುದು ದೇಶಕ್ಕೆಲ್ಲ ಗೊತ್ತಿತ್ತು.

ಈ ಮಸೂದೆ ಲಾಕ್‌ರಿಡ್ಜ್‌ಗೆ ಎಷ್ಟು ಮುಖ್ಯ ಅನ್ನುವುದು ಪೆಟಿಗ್ರೂಗೆ ಗೊತ್ತಿದ್ದಷ್ಟು ಬೇರೆ ಯಾರಿಗೂ ಗೊತ್ತಿರಲಿಲ್ಲ. ಲಾಕ್‌ರಿಡ್ಜ್ ಮೊದಲು ಕಲ್ಲಿದ್ದಲು ಕಂಪನಿಯ ವಕೀಲ. ಗಣಿ ಕುಸಿದು ಸತ್ತವರ ಹೆಂಡಿರು ಪರಿಹಾರ ಕೇಳಿ ಬಂದರೆ ಅವರ ವಿರುದ್ಧ ವಾದ ಮಾಡಿ ಗೆಲ್ಲುವುದೇ ಅವರ ಕೆಲಸ, ಚೆನ್ನಾಗಿಯೇ ಗೆಲ್ಲುತ್ತಿದ್ದರು. ಒಂದು ಚಳಿಗಾಲ ಗಣಿಯೊಂದು ಸಿಡಿಯಿತು. ಕಂಪನಿ ಅವರನ್ನು ಅಲ್ಲಿಗೆ ಕಳಿಸಿತು, ಸತ್ತವರ ತಪ್ಪನ್ನು ಹುಡುಕಲು. ಹೆಣಗಳನ್ನು ಸಾಲಾಗಿ ಮಲಗಿಸಿದ್ದ ಶಾಲೆಯೊಳಗೆ ಹೋದವರು ಹೊರಗೆ ಬಂದು ಕೆಲಸ ಬಿಟ್ಟರು. ಅಲ್ಲಿಂದ ರಾಜಕೀಯ, ಅಲ್ಲಿಂದ ಗವರ್ನರ್ ಗಿರಿ, ಕೊನೆಗೆ ವಾಷಿಂಗ್ಟನ್.

"ಗಂಟಲು ಕಟ್ಟಿದೆ ಅಂತ ಹೇಳೋಣ," ಅಂದ ಫಾರ್ಲೋ. "ಮಾತಾಡಬಾರದು ಅಂತ ಡಾಕ್ಟರ್ ಅಪ್ಪಣೆ. ಟ್ರಸ್ಕಾಟ್ ಬಾಗಿಲಲ್ಲೇ ನಿಂತು ಮುಖ ನೋಡ್ಕೊಂಡು ಹೋಗ್ಲಿ. ಕಂಬಳಿ ಹೊದಿಸಿ, ಎಡಗಡೆ ಕಾಣೋ ಹಾಗೆ ಕೂರಿಸೋಣ."

"ಅವನೇನು ಕುರುಡನಾ ನೆಡ್?"

"ಡಾಕ್ಟ್ರೇ, ನೀವು ಹೇಳಿದ್ರೆ ನಂಬ್ತಾನೆ. ನಾನು ಇವತ್ತು ಬುಧವಾರ ಅಂದ್ರೂ ಅವನು ಕ್ಯಾಲೆಂಡರ್ ನೋಡ್ತಾನೆ. ನೀವು ಯಾವತ್ತೂ ಯಾರಿಗೂ ಸುಳ್ಳು ಹೇಳಿದವರಲ್ಲ. ಅದಕ್ಕೇ ನೀವೇ ಹೇಳ್ಬೇಕು."

ಹೆಟ್ಟಿ ತಲೆ ಎತ್ತಿದಳು. "ಹೇಳ್ತೀರಿ ತಾನೆ, ಆಸಾ? ಒಂದು ಸಹಿ ಹಾಕೋ ತನಕ. ಅಷ್ಟೇ ಕೇಳ್ತಿರೋದು."

ಡಾಕ್ಟರು ಅಧ್ಯಕ್ಷರ ಮುಖ ನೋಡಿದರು. ಆ ಕಣ್ಣುಗಳಲ್ಲಿ ಬುದ್ಧಿ ಪೂರ್ತಿ ಎಚ್ಚರವಾಗಿತ್ತು. ಅದನ್ನು ಕಂಡು ಅವರ ಸಂಕಟ ಇನ್ನೂ ಹೆಚ್ಚಿತು.

ರೈಲು ನಿಧಾನವಾಯಿತು. ಮಾರ್ಬರಿಯ ನಿಲ್ದಾಣದಲ್ಲಿ ಕಾಲಿಡಲು ಜಾಗವಿರಲಿಲ್ಲ. ಪಾಳಿ ಮುಗಿಸಿ ನೇರವಾಗಿ ಬಂದ ಗಣಿ ಕೆಲಸಗಾರರು ಮಸಿ ಮುಖದಲ್ಲೇ ನಿಂತಿದ್ದರು, ಬ್ಯಾಂಡಿನವರು ಊದುತ್ತಿದ್ದರು. ಕಿಟಕಿಗಳಿಗೆ ಪರದೆ ಎಳೆದು ಹೆಟ್ಟಿ ಕೊನೆಯ ಬೋಗಿಯ ಕಟಾಂಜನದ ಬಳಿ ಹೋಗಿ ನಿಂತಳು. ಒಳಗಿದ್ದವರಿಗೆ ಅವಳ ದನಿ ಸ್ಪಷ್ಟವಾಗಿ ಕೇಳುತ್ತಿತ್ತು.

"ಊರೂರಲ್ಲಿ ಕೂಗಾಡಿ ನಮ್ಮೆಜಮಾನರ ಗಂಟಲು ಹೋಗಿದೆ. ನಾಲ್ಕು ವರ್ಷದಲ್ಲಿ ಮನೇಲಿ ಮೊದಲನೇ ಸಲ ನನಗೆ ಮಾತಾಡೋಕೆ ಅವಕಾಶ ಸಿಕ್ಕಿದೆ."

ಜನ ನಕ್ಕರು. ಹಿಂದಿನಿಂದ ಒಬ್ಬ ಕೂಗಿದ: "ಮಾತು ಬೇಡಮ್ಮ, ಮುಖ ತೋರಿಸೋಕೆ ಹೇಳಿ. ನಮ್ಮ ಅಮೋಸ್ ಎಲ್ಲಿ?" ಇನ್ನೊಬ್ಬ ಅದನ್ನೇ ಕೂಗಿದ. ಆಮೇಲೆ ಎಲ್ಲರೂ. ಆ ಕೂಗು ಪರದೆ ದಾಟಿ ಒಳಗೆ ಬಂತು. ಅಧ್ಯಕ್ಷರು ಕುರ್ಚಿಯ ಕೈ ಹಿಡಿದು ಏಳಲು ಹೋದರು, ಬಲಗಾಲು ಮಡಿಸಿಕೊಂಡಿತು. ಡಾಕ್ಟರು ಹಿಡಿಯದಿದ್ದರೆ ನೆಲಕ್ಕೆ ಬೀಳುತ್ತಿದ್ದರು. ಹೊರಗೆ ಹೆಟ್ಟಿ ನಗುತ್ತಲೇ ಕೈ ಬೀಸುತ್ತಿದ್ದಳು.

ಅಂತೂ ರೈಲು ಹೊರಟಿತು. ಬೋಗಿಯ ಓಣಿಯಲ್ಲಿ ಭಾರವಾದ ಹೆಜ್ಜೆಯ ಸದ್ದಾಯಿತು. ಪೆಟಿಗ್ರೂ ಫಾರ್ಲೋ ಜೊತೆ ಹೊರಗೆ ಬಂದು ಬಾಗಿಲು ಎಳೆದುಕೊಂಡರು.

ಎಜ್ರಾ ಟ್ರಸ್ಕಾಟ್ ದೊಡ್ಡ ಹೊಟ್ಟೆಯ, ಸಣ್ಣ ಕಣ್ಣಿನ ಮುದುಕ. ಟೋಪಿ ತೆಗೆದು ಬೆವರು ಒರೆಸಿಕೊಂಡ. "ಗಂಟಲಂತೆ?"

"ಹೌದು," ಅಂದ ಫಾರ್ಲೋ. "ಡಾಕ್ಟ್ರು ಮಾತೇ ಆಡಬಾರದು ಅಂದಿದ್ದಾರೆ."

"ನಿನ್ನನ್ನ ಕೇಳಲಿಲ್ಲಪ್ಪ." ಟ್ರಸ್ಕಾಟ್ ಡಾಕ್ಟರ ಕಡೆ ತಿರುಗಿದ. "ನೀವು ಹೇಳಿ. ಬರೀ ಗಂಟಲಾ?"

'ಹೌದು' ಅನ್ನುವ ಒಂದು ಮಾತು ಸಾಕಿತ್ತು. ನಿಲ್ದಾಣದಲ್ಲಿ ಕಂಡ ಮಸಿ ಮುಖಗಳೆಲ್ಲ ಆ ಒಂದು ಮಾತಿಗಾಗಿ ಕಾದಂತಿದ್ದವು. ಆದರೆ ಇವತ್ತು ಒಂದು ಸಹಿಗಾಗಿ ಹೇಳಿದ್ದನ್ನು ನಾಳೆ ಇನ್ನೊಂದಕ್ಕೆ ಹೇಳಬೇಕಾಗುತ್ತದೆ. ಆಮೇಲೆ ದೇಶ ಆಳುವುದು ಫಾರ್ಲೋ, ಹೆಟ್ಟಿ ಮತ್ತು ತಾನು.

"ಗಂಟಲಲ್ಲ, ಸೆನೆಟರ್. ಲಕ್ವ ಹೊಡೆದಿದೆ."

ಫಾರ್ಲೋ ಗೋಡೆಗೆ ಒರಗಿದ. "ನೀವು ಅವರನ್ನ ಕೊಂದ್ಬಿಟ್ರಿ," ಅಂದ, ಮೆಲ್ಲಗೆ.

ಟ್ರಸ್ಕಾಟ್ ಬಾಗಿಲು ತಳ್ಳಿ, ಡಾಕ್ಟರು ಹಿಂಬಾಲಿಸುತ್ತಿದ್ದಂತೆ, ಒಳಗೆ ಹೋದ. ಕಂಬಳಿಯ ಮೇಲೆ ಜೋಲುಬಿದ್ದ ಕೈಯನ್ನೂ ಸೊಟ್ಟಗಾದ ಬಾಯನ್ನೂ ನೋಡಿ ಎದುರಿನ ಕುರ್ಚಿಯಲ್ಲಿ ಧೊಪ್ಪನೆ ಕೂತ.

"ನಾನು ಆಗಲ್ಲ ಅನ್ನೋಕೇ ಬಂದಿದ್ದೆ ಲಾಕ್‌ರಿಡ್ಜ್. ನಿನ್ನ ಮುಖದ ಮೇಲೇ ಅಂದು, ಒಂದು ಚುಟ್ಟಾ ಸೇದಿ ಇಳಿದುಹೋಗೋಣ ಅಂತ. ಈಗ ನೋಡಿದ್ರೆ ನೀನು ಹೀಗೆ ಕೂತಿದೀಯ. ಏನಾದ್ರೂ ಹೇಳೋದಿದ್ರೆ ಹೇಳು."

ಅಧ್ಯಕ್ಷರು ಎಡಗೈ ಎತ್ತಿ ಕಿಟಕಿಯ ಪರದೆ ಸರಿಸಿದರು. ಹೊರಗೆ ಗಣಿಯೊಂದರ ಬಾಯಿಯ ಮೇಲೆ ಕೆಲಸಗಾರರನ್ನು ಇಳಿಸುವ ಗಾಲಿ ತಿರುಗುತ್ತಿತ್ತು, ಹಗ್ಗ ಕೆಳಗಿಳಿಯುತ್ತಿತ್ತು. ಬೆರಳಿನಿಂದ ನೆಲದ ಕಡೆ ತೋರಿಸಿದರು. ಒಂದೊಂದು ಮಾತಿಗೂ ಹಣೆಯ ನರ ಉಬ್ಬುತ್ತಿತ್ತು.

"ಈಗ... ಕೆಳಗೆ... ಇದಾರೆ."

ಟ್ರಸ್ಕಾಟ್ ಗಾಲಿ ಕಣ್ಮರೆಯಾಗುವ ತನಕ ನೋಡುತ್ತಿದ್ದ.

"ಡಾಕ್ಟ್ರೇ, ಇವನು ಎಡಗೈಯಲ್ಲಿ ಸಹಿ ಹಾಕಬಲ್ಲನಾ? ತಿಳಿದು ಹಾಕಬಲ್ಲನಾ?"

"ತಿಳಿದೇ ಹಾಕ್ತಾರೆ. ಬುದ್ಧಿಗೆ ಏನೂ ಆಗಿಲ್ಲ. ಮುಂದೆ ಏನಾಗುತ್ತೋ ಹೇಳಲಾರೆ."

"ಸರಿ. ನನ್ನ ಮತ ನಿನಗೆ," ಅಂದ ಟ್ರಸ್ಕಾಟ್ ಅಧ್ಯಕ್ಷರಿಗೆ. "ಆದರೆ ಸಹಿ ಹಾಕಿದ ಮಾರನೇ ದಿನ ನೀನು ಕುರ್ಚಿ ಬಿಡಬೇಕು. ಕಾರಣ ಏನು ಅಂತ ದೇಶಕ್ಕೆ ಹೇಳಿ ಬಿಡಬೇಕು. ನಮ್ಮ ರಾಜ್ಯದಲ್ಲಿ ಗವರ್ನರ್ ಹಾಸಿಗೆ ಹಿಡಿದಾಗ ಅವನ ಅಳಿಯ ಮಲಗೋ ಕೋಣೆ ಬಾಗಿಲಲ್ಲಿ ಕೂತು ರಾಜ್ಯ ಆಳಿದ. ಇನ್ನೊಂದು ಸಲ ಅದನ್ನ ನೋಡೋ ಶಕ್ತಿ ನನಗಿಲ್ಲ. ಡಾಕ್ಟ್ರು ಗಂಟಲು ಅಂದಿದ್ದಿದ್ರೆ ನಾನು ಒಳಗೂ ಬರ್ತಿರಲಿಲ್ಲ, ಬಾಗಿಲಲ್ಲೇ ಆಗಲ್ಲ ಅಂದು ಹೋಗ್ತಿದ್ದೆ."

"ಅವರಿಗೆ ಇನ್ನೂ ಎಷ್ಟೋ ಕೆಲಸ ಇದೆ," ಅಂದಳು ಹೆಟ್ಟಿ ಬಾಗಿಲಲ್ಲಿ ನಿಂತು. "ನೀವು ಕುರ್ಚಿ ಕೊಡ್ತಿರೋದು ವ್ಹೀಲಾಕ್‌ಗೆ."

"ಗೊತ್ತು ತಾಯಿ. ಅವನನ್ನ ಆರಿಸಿದ್ದು ನಿಮ್ಮೆಜಮಾನ್ರೇ."

ಎಲ್ಲರೂ ಅಧ್ಯಕ್ಷರ ಕಡೆ ನೋಡಿದರು. ಅವರು ಕಣ್ಣು ಮುಚ್ಚಿದರು. ಎಷ್ಟೋ ಹೊತ್ತು ತೆರೆಯಲಿಲ್ಲ. ಇನ್ನೊಂದು ಹೊಡೆತ ಬಿತ್ತೇನೋ ಎಂದು ಡಾಕ್ಟರು ನಾಡಿ ಹಿಡಿದರು. ಆಗ ಎಡಗೈ ನಿಧಾನವಾಗಿ ಮೇಲೆದ್ದು ಟ್ರಸ್ಕಾಟ್ ಕಡೆ ಚಾಚಿತು. ಮುದುಕ ಕುರ್ಚಿಯಿಂದ ಅರ್ಧ ಎದ್ದು ಆ ಕೈ ಹಿಡಿದ.

ಮಸೂದೆ ಒಂದೇ ಮತದಿಂದ ಗೆದ್ದಿತು. ಸಹಿ ಎಳೆಯ ಮಗುವಿನ ಬರಹದ ಹಾಗೆ ಸೊಟ್ಟಸೊಟ್ಟಗೆ ಬಿತ್ತು. ಬೆವರಿಳಿಯುತ್ತಿದ್ದರೂ ಅಧ್ಯಕ್ಷರು ಯಾರನ್ನೂ ಕೈ ಹಿಡಿಯಲು ಬಿಡಲಿಲ್ಲ. ಮಾರನೇ ದಿನ ಪೆಟಿಗ್ರೂ ಪತ್ರಕರ್ತರ ಮುಂದೆ ನಿಂತು ಇದ್ದದ್ದನ್ನು ಇದ್ದ ಹಾಗೆ ಹೇಳಿದರು. ಅರ್ಧ ದೇಶ ಅವರನ್ನು ವಿಷಯ ಮುಚ್ಚಿಟ್ಟವನು ಎಂದು ಬೈಯಿತು, ಉಳಿದರ್ಧ ಗೆಳೆಯನಿಗೆ ದ್ರೋಹ ಬಗೆದವನು ಎಂದು ಬೈಯಿತು.

ಅಧ್ಯಕ್ಷರು ಬಿಟ್ಟ ಕುರ್ಚಿಗೆ ಬಂದ ವ್ಹೀಲಾಕ್ ಕಾಯ್ದೆಯನ್ನು ರದ್ದು ಮಾಡಲಿಲ್ಲ. ಗಣಿ ತಪಾಸಣೆಯ ಅಧಿಕಾರಿಗಳನ್ನು ಕಡಿಮೆ ಮಾಡಿ ಅದನ್ನು ಹಸಿವಿನಿಂದ ಸಾಯಿಸಲು ನೋಡಿದ. ಕಾಯ್ದೆ ಸಾಯಲಿಲ್ಲ. ಅವನ ನಂತರ ಬಂದವರು ಅದಕ್ಕೆ ಮತ್ತೆ ಜೀವ ತುಂಬಿದರು. ಆ ನಡುವೆ ಗಣಿಗಳಲ್ಲಿ ಸತ್ತವರು ಮಾತ್ರ ಸತ್ತರು. ಲಾಕ್‌ರಿಡ್ಜ್ ಕುರ್ಚಿಯಲ್ಲಿ ಉಳಿದಿದ್ದರೆ ಆ ಜನ ಬದುಕುತ್ತಿದ್ದರು ಎಂದು ಫಾರ್ಲೋ ಹೋದಲ್ಲೆಲ್ಲ ಹೇಳುತ್ತಿದ್ದ. ಅದು ಸುಳ್ಳು ಎಂದು ಪೆಟಿಗ್ರೂಗೆ ಯಾವತ್ತೂ ಅನ್ನಿಸಲಿಲ್ಲ.

ಲಾಕ್‌ರಿಡ್ಜ್ ತಮ್ಮ ಊರಿನ ಮನೆಯಲ್ಲಿ ಇನ್ನೂ ಕೆಲವು ವರ್ಷ ಬದುಕಿದರು. ಹೆಟ್ಟಿ ಡಾಕ್ಟರನ್ನು ಮನೆಯೊಳಗೆ ಬಿಡುತ್ತಿದ್ದಳು, ಮಾತಾಡುತ್ತಿರಲಿಲ್ಲ. ಗಂಡನನ್ನು ಮಣ್ಣು ಮಾಡಿದ ದಿನ ಅಂಗಳದ ತುಂಬ ಗಣಿ ಕೆಲಸಗಾರರಿದ್ದರು. ಮೊಗಸಾಲೆಯ ಬೆಂಚಿನಲ್ಲಿ ಅವಳೇ ಬಂದು ಡಾಕ್ಟರ ಪಕ್ಕ ಕೂತಳು.

"ಆವತ್ತು ನೀವು ಸುಳ್ಳು ಹೇಳ್ತೀರಿ ಅಂತ ನಂಬಿದ್ದೆ."

"ನಾನೂ ಹಾಗೇ ಅಂದುಕೊಂಡಿದ್ದೆ, ಹೆಟ್ಟಿ. ಬಾಯಿ ತೆರೆಯೋ ತನಕ."

"ಹೇಳಿದ್ದಿದ್ರೆ ಅವರು ಆ ಕುರ್ಚಿಯಲ್ಲೇ ಸಾಯ್ತಿದ್ರು. ನಾನು ಆ ಗವರ್ನರ್ ಅಳಿಯನ ಹಾಗೆ ಬಾಗಿಲಲ್ಲಿ ಕೂತಿರ್ತಿದ್ದೆ. ನನಗೆ ಅದು ಇಷ್ಟವಾಗ್ತಿತ್ತು ಅನ್ಸುತ್ತೆ, ಆಸಾ. ಅದು ಇನ್ನೂ ಸಿಟ್ಟು ತರಿಸುತ್ತೆ."

ಅಂಗಳದವರು ಒಬ್ಬೊಬ್ಬರಾಗಿ ಮೆಟ್ಟಿಲು ಹತ್ತಿ ಬರತೊಡಗಿದರು. ಅವಳು ಎದ್ದು ಅವರ ಕೈ ಕುಲುಕಲು ಹೋದಳು.