ಹೇಳದೆ ಉಳಿದ ಗಡುವು

ಎಡಿನ್‌ಬರೋದ ಸಾಲಿಸಿಟರುಗಳ, ಅಂದರೆ ವಕೀಲರ, ಸಂಘದಲ್ಲಿ ಮಸೂದೆ ಓದುವ ಸಮಿತಿ ಅಂತ ಒಂದಿದೆ. ಅದರಲ್ಲಿ ಕೂತವರಿಗೆ ಸಂಬಳವಿಲ್ಲ, ಸಿಗುವುದು ಆರಿದ ಚಹಾ, ಒಣಗಿದ ಸ್ಯಾಂಡ್‌ವಿಚ್. ಸರ್ಕಾರ ಹೊಸ ಕಾನೂನಿನ ಕರಡು ತಂದಾಗಲೆಲ್ಲ ಇವರು ಅದನ್ನು ಜಾಲಾಡಿ, ಇದು ಸರಿ, ಇದು ಜನಕ್ಕೆ ಮುಳುವು ಎಂದು ಪಾರ್ಲಿಮೆಂಟಿಗೆ ಬರೆಯುತ್ತಾರೆ. ಕಾನೂನು ಬಂದ ಮೇಲೆ ಹೇಗೆ ನಡೆದುಕೊಳ್ಳಬೇಕೆಂದು ದೇಶದ ಸಾಲಿಸಿಟರುಗಳಿಗೆಲ್ಲ ಬುದ್ಧಿ ಹೇಳುವವರೂ ಇವರೇ. ಉಯಿಲು, ವಾರಸುದಾರಿಕೆಯ ವಿಷಯದಲ್ಲಿ ಅಲ್ಲಿ ಕ್ಯಾಲಮ್ ಲೋರಿಮರ್‌ನ ಮಾತೇ ಕೊನೆಯ ಮಾತು.

ಅವತ್ತು ಮೇಜಿನ ಮೇಲಿದ್ದ ಮಸೂದೆ ಅವನನ್ನೇ ಹುಡುಕಿಕೊಂಡು ಬಂದ ಹಾಗಿತ್ತು. ಮದುವೆಯಾಗದೆ ಒಟ್ಟಿಗೆ ಬಾಳಿದವರಲ್ಲಿ ಒಬ್ಬರು ಉಯಿಲು ಬರೆಯದೆ ತೀರಿಕೊಂಡರೆ, ಉಳಿದವರು ಆರು ತಿಂಗಳೊಳಗೆ ಕೋರ್ಟಿಗೆ ಹೋಗಿ ಪಾಲು ಕೇಳಬೇಕು. ಗಡುವು ದಾಟಿದರೆ ಬಿಡಿಗಾಸೂ ಇಲ್ಲ, ಎಲ್ಲ ಸತ್ತವರ ಮಕ್ಕಳಿಗೆ. ಈ ಗಡುವನ್ನು ಒಂದು ವರ್ಷಕ್ಕೆ ಏರಿಸಬೇಕೇ ಎಂಬುದು ಪ್ರಶ್ನೆ.

ಅಧ್ಯಕ್ಷೆ ಊನಾ ಅರ್ಕಾರ್ಟ್ ರೂಢಿಯಂತೆ ಮೊದಲು ಕೇಳಿದರು: ಈ ವಿಷಯದಲ್ಲಿ ಯಾರಿಗಾದರೂ ಸ್ವಂತದ ಲಾಭ-ನಷ್ಟ ಇದೆಯೇ? ಇದ್ದವರು ಹೇಳಿ ಎದ್ದು ಹೋಗಬೇಕು. ಎಲ್ಲರೂ ಇಲ್ಲವೆಂದು ತಲೆಯಾಡಿಸಿದರು. ಕ್ಯಾಲಮ್ ಕೂಡ ಆಡಿಸಿದ.

ಆಡಿಸಬಾರದಿತ್ತು. ಅವನ ಅಪ್ಪ ತೀರಿಕೊಂಡು ಆರು ತಿಂಗಳು ತುಂಬುವುದಕ್ಕೆ ಇನ್ನೇನು ಕೆಲವೇ ದಿನ ಉಳಿದಿತ್ತು. ಅಪ್ಪ ದೋಣಿ ಎಂಜಿನ್ ರಿಪೇರಿ ಮಾಡುತ್ತಿದ್ದವನು, ಆನ್‌ಸ್ಟ್ರದರ್ ಬಂದರಿನೆದುರು ಅವನ ಮನೆ. ಅಮ್ಮ ಹೋದ ಮೇಲೆ ಆ ಮನೆಗೆ ಎಫೀ ಬಂದಳು. ಇಪ್ಪತ್ತು ವರ್ಷ ಅವನಿಗೆ ಬೇಯಿಸಿ ಹಾಕಿದಳು, ಬೈದಳು, ಕೊನೆಗೆ ಅವನು ಹಾಸಿಗೆ ಹಿಡಿದಾಗ ತಿರುಗಿಸಿ ಮಲಗಿಸಿದಳು. ಮದುವೆಯ ಮಾತೆತ್ತಿದರೆ ಇಬ್ಬರೂ ನಗುತ್ತಿದ್ದರು. ಅಪ್ಪ ಉಯಿಲು ಬರೆದಿರಲಿಲ್ಲ. ಮಗ ಉಯಿಲಿನ ಪಂಡಿತ, ಅಪ್ಪನಿಗೆ ಉಯಿಲಿಲ್ಲ. ಊರಿಗೆಲ್ಲ ಗೊತ್ತಿದ್ದರೆ ನಕ್ಕು ಸಾಯುತ್ತಿತ್ತು.

ಎಫೀಗೆ ಗಡುವಿನ ವಿಷಯ ಹೇಳಬೇಕೆಂದು ಕ್ಯಾಲಮ್ ಮೊದಲ ವಾರವೇ ಅಂದುಕೊಂಡಿದ್ದ. ಪಾಪ, ದುಃಖದಲ್ಲಿದ್ದಾಳೆ, ಮುಂದಿನ ಭಾನುವಾರ ಹೇಳಿದರಾಯಿತು ಎಂದ. ಮುಂದಿನ ಭಾನುವಾರ ಅವಳು ಮಾಡಿದ ಸಾರು ಕುಡಿದು ಬಂದ. ಆಮೇಲೆ ಸುಮ್ಮನಿರುವುದೇ ಲಾಭ ಎಂದು ಅವನ ಮನಸ್ಸಿಗೆ ಹೊಳೆಯಿತು, ಹೊಳೆದದ್ದು ಅಲ್ಲೇ ಬೇರುಬಿಟ್ಟಿತು. ಅದು ದುರಾಸೆ, ಬೇರೆ ಹೆಸರು ಯಾಕೆ ಇಡಬೇಕು? ಎದುರಿನವರಿಗೆ ವಕೀಲರಿಲ್ಲದಿದ್ದರೆ ಗಡುವು ಓಡುತ್ತಿದೆಯೆಂದು ಮೊದಲ ದಿನವೇ ತಿಳಿಸಿ, ಬೇರೆ ವಕೀಲರ ಹತ್ತಿರ ಕಳಿಸಿ ಎಂದು ಸದಸ್ಯರಿಗೆಲ್ಲ ಸೂಚನೆ ಬರೆದವನು ಇದೇ ಕ್ಯಾಲಮ್. ಹೇಳೋದು ಶಾಸ್ತ್ರ, ಇಕ್ಕೋದು ಗಾಳ.

ಸಭೆಯಲ್ಲಿ ಗ್ಲಾಸ್ಗೋದ ನದೀಮ್ ಎಂಬ ಚುರುಕು ಹುಡುಗ, ಆರು ತಿಂಗಳೇ ಸಾಕು ಎಂದು ವಾದಕ್ಕಿಳಿದ. ಗಡುವು ತಪ್ಪಿ ಮನೆ ಕಳಕೊಂಡವರು ಯಾರು? ಒಂದು ಉದಾಹರಣೆಯಾದರೂ ಬೇಡವೇ ಪಾರ್ಲಿಮೆಂಟಿಗೆ? ಯಾರಲ್ಲೂ ಉದಾಹರಣೆ ಇರಲಿಲ್ಲ. ಮಾತು ನದೀಮನ ಕಡೆಗೆ ವಾಲಿತು.

ಕ್ಯಾಲಮ್‌ಗೆ ಏನಾಯಿತೋ, ಬಾಯಿ ತೆರೆದೇಬಿಟ್ಟ. ತನಗೊಂದು ಪ್ರಕರಣ ಗೊತ್ತು ಎಂದ. ಸಮುದ್ರದಂಡೆಯ ಊರು, ವಯಸ್ಸಾದ ಹೆಂಗಸು, ಇಪ್ಪತ್ತು ವರ್ಷದ ಸಂಸಾರ. ಸತ್ತವನ ಮಗ ಸ್ವತಃ ಸಾಲಿಸಿಟರ್. ವಾರವಾರ ಅವಳ ಕೈ ಅಡುಗೆ ಉಂಡು, ಗಡುವಿನ ಬಗ್ಗೆ ತುಟಿ ಬಿಚ್ಚಲಿಲ್ಲ.

"ಅವನೇನು ಮನುಷ್ಯನಾ?" ಎಂದರು ಅರ್ಕಾರ್ಟ್.

"ನಮ್ಮ ಸದಸ್ಯನೇ ಅಲ್ವಾ ಸಾರ್? ಹೆಸರು ಹೇಳಿ, ಇವತ್ತೇ ದೂರು ಹಾಕೋಣ," ಎಂದ ನದೀಮ್. ಅವನ ಮುಖ ಕೆಂಪಾಗಿತ್ತು.

"ಹೆಸರು ಹೇಳೋ ಹಾಗಿಲ್ಲ," ಎಂದ ಕ್ಯಾಲಮ್.

ಕಕ್ಷಿದಾರರ ಗುಟ್ಟು ಕಾಯುತ್ತಿದ್ದಾನೆಂದು ಎಲ್ಲರೂ ಗೌರವದಿಂದ ಸುಮ್ಮನಾದರು. ಗಡುವು ದಾಟಿಹೋಯಿತೇ ಎಂದು ಅರ್ಕಾರ್ಟ್ ಕೇಳಿದಾಗ, ಇನ್ನೂ ಕೆಲವು ದಿನ ಉಳಿದಿದ್ದರೂ ದಾಟಿತು ಎಂದುಬಿಟ್ಟ. ನದೀಮ್ ತನ್ನ ವಾದ ಹಿಂದಕ್ಕೆ ತೆಗೆದುಕೊಂಡ. ಒಂದು ವರ್ಷವೇ ಬೇಕೆಂದು ಸಮಿತಿ ಒಮ್ಮತದಿಂದ ತೀರ್ಮಾನಿಸಿತು. ಆ ಹೆಂಗಸಿನ ಕತೆಯನ್ನು ನೀವೇ ಬರೆಯಿರಿ, ನಿಮ್ಮಷ್ಟು ಮನಮುಟ್ಟುವಂತೆ ಯಾರಿಗೂ ಬರದು ಎಂದು ಅರ್ಕಾರ್ಟ್ ಅವನ ಭುಜ ತಟ್ಟಿದರು. ಭೂಮಿ ಬಾಯಿಬಿಡಬಾರದೇ ಎನ್ನಿಸಿತು ಅವನಿಗೆ.

ಹೊಸ ಕಾನೂನು ಬಂದರೂ ಎಫೀಗೆ ದಕ್ಕುವುದಿಲ್ಲ. ಅದು ಇನ್ನು ಮುಂದೆ ಸಾಯುವವರ ಪಾಲಿಗೆ. ಇದು ಅವನಿಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಕಚೇರಿಗೆ ಹೋಗದೆ ನೇರ ಕಾರು ಹತ್ತಿ ಸೇತುವೆ ದಾಟಿ ಆನ್‌ಸ್ಟ್ರದರ್‌ಗೆ ಹೋದ.

ಎಫೀ ಅಡುಗೆಮನೆಯಲ್ಲಿ ಆಲೂಗಡ್ಡೆ ಹೆರೆಯುತ್ತಿದ್ದಳು. ಭಾನುವಾರವಲ್ಲದ ದಿನ ಬಂದವನನ್ನು ನೋಡಿ ಚಾಕು ಕೆಳಗಿಟ್ಟು, ಕಿಟಕಿಯ ಬಳಿಯ ರೇಡಿಯೋ ಆರಿಸಿದಳು. ಅವನು ಕೋಟನ್ನೂ ಬಿಚ್ಚದೆ, ನಿಂತಲ್ಲೇ ಎಲ್ಲ ಹೇಳಿದ. ಗಡುವು ಇರುವುದು, ತಾನು ಮುಚ್ಚಿಟ್ಟದ್ದು, ಮನೆಯ ಮೇಲೆ ತನಗೆ ಆಸೆ ಹುಟ್ಟಿದ್ದು. ನಾಳೆಯೇ ಬೇರೆ ವಕೀಲರನ್ನು ನೋಡಿ ಎಂದ.

"ನೋಡಿದ್ದೀನಿ," ಎಂದಳು ಎಫೀ. "ನಿಮ್ಮಪ್ಪನ್ನ ಮಣ್ಣು ಮಾಡಿದ ತಿಂಗಳೇ ಕೂಪರ್ ಪೇಟೆಗೆ ಹೋಗಿ ಒಬ್ಬಳು ವಕೀಲ ಹುಡುಗಿ ಹತ್ರ ಕೇಳ್ಕೊಂಡು ಬಂದೆ. ಅರ್ಜಿ ಕೋರ್ಟಿಗೆ ಹೋದ ವಾರ ಹೋಯ್ತು. ನಿನಗೂ ನೋಟೀಸು ಬರತ್ತೆ."

ಮೊದಲು ಅವನಿಗೆ ಉಸಿರು ಬಂದಂತಾಯಿತು. ಆಮೇಲೆ ಲೆಕ್ಕ ತಾಳೆಯಾಗಲಿಲ್ಲ.

"ಮತ್ತೆ ಹೋದ ವಾರದ ತನಕ ಯಾಕೆ ಕಾದ್ರಿ?"

"ಆ ಹುಡುಗಿ ಬೇಗ ಹಾಕೋಣ ಅಂತ ದಿನಾ ಫೋನ್ ಮಾಡ್ತಿದ್ಲು. ತಡಿಯಮ್ಮ, ಅವನೇ ಹೇಳ್ತಾನೆ, ಹೇಳೋಕೆ ಅವಕಾಶ ಕೊಡೋಣ ಅಂದೆ. ಪ್ರತಿ ಭಾನುವಾರ ನೀನು ಬಂದಾಗ ರೇಡಿಯೋ ಆರಿಸ್ತಿದ್ದೆನಲ್ಲ ಕ್ಯಾಲಮ್, ಇವತ್ತು ಹೇಳ್ತಾನೇನೋ ಅಂತ."

ಅವಳ ಮಾತಿನಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದಿದ್ದರೆ ಅವನು ತಡೆದುಕೊಳ್ಳುತ್ತಿದ್ದ. ತನಗೆ ಮರ್ಯಾದೆ ಕೊಡಲು ರೇಡಿಯೋ ಆರಿಸುತ್ತಾಳೆಂದು ಅಷ್ಟೂ ಭಾನುವಾರ ಅಂದುಕೊಂಡಿದ್ದನಲ್ಲ, ಆ ಭಾನುವಾರಗಳೆಲ್ಲ ಒಟ್ಟಿಗೆ ಎದುರು ಬಂದು ನಿಂತವು.

"ಹೇಳಿದೆಯಲ್ಲ, ಬಿಡು," ಎಂದು ಎಫೀ ರೇಡಿಯೋ ಹಾಕಿ, ಅವನಿಗೆ ಬೆನ್ನು ಮಾಡಿ ಆಲೂಗಡ್ಡೆ ಹೆರೆಯತೊಡಗಿದಳು.