ಸದ್ದಿಲ್ಲದ ಡಿಸ್ಕ್

"ಇದಕ್ಕೆ ಎಲ್ಲೋ ಒಂದು ಜಾಗ ಇರಲೇಬೇಕು ಅತ್ತಿಗೆ," ಎಂದ ಮೈದುನ. ಬಾಯಲ್ಲಿ ಟಾರ್ಚ್ ಕಚ್ಚಿಕೊಂಡಿದ್ದರಿಂದ ಅರ್ಧ ಮಾತು ಒಳಗೇ ಉಳಿಯಿತು. ಪಕ್ಕದ ತಗಡು ಬಿಚ್ಚಿದ ಕಂಪ್ಯೂಟರಿನ ಮುಂದೆ ಮಂಡಿಯೂರಿ ಕೂತು ಅವನು ಒಳಗೆ ಇಣುಕುತ್ತಿದ್ದ. ಕೈಯಲ್ಲಿ, ಹಳೆಯ ಹಾರ್ಡ್ ಡಿಸ್ಕಿನ ಬದಲಿಗೆಂದು ಬೆಳಿಗ್ಗೆ ತಾನೇ ತಂದಿದ್ದ ಎಸ್‌ಎಸ್‌ಡಿ. ಚೂಯಿಂಗ್ ಗಮ್ಮಿನ ಪಟ್ಟಿಯ ಹಾಗೆ ಪುಟ್ಟದು, ತೆಳ್ಳಗಿನದು.

"ಜಾಗ ಇಲ್ಲ ಅಂತ ಕಾಣತ್ತೆ," ಎಂದಳು ಅವಳು.

"ಇರತ್ತೆ. ಇದಕ್ಕಿಂತ ಫಾಸ್ಟ್ ಇನ್ನೊಂದಿಲ್ಲ ಅಂದ ಅಂಗಡಿಯವನು."

"ಕಂಪ್ಯೂಟರಿನ ಒಳಗಿನ ಬೋರ್ಡ್ ಯಾವುದು ಅಂತ ಕೇಳಿದನಾ?"

ಮೈದುನ ಟಾರ್ಚನ್ನು ಕೈಗೆ ತೆಗೆದುಕೊಂಡ. ಕೇಳಿದ್ದನೋ ಇಲ್ಲವೋ ಎಂದು ನೆನಪಿಸಿಕೊಳ್ಳುವವನ ಹಾಗೆ ಸೂರು ನೋಡಿದ. ಅಷ್ಟರಲ್ಲಿ ಅಡುಗೆಮನೆಯಿಂದ ಅತ್ತೆಯ ದನಿ ಬಂತು: "ಅದನ್ನ ಯಾಕ್ರೋ ಬಿಚ್ಚಿದ್ದೀರಿ? ಹಾಗೇ ಮುಚ್ಚಿಡಿ."

ಅವಳ ಗಂಡ ಅದೇ ಕೋಣೆಯಲ್ಲಿ ಕೂತು ಮನೆ ಕಟ್ಟುವವರಿಗೆ ನಕ್ಷೆ ಬರೆದುಕೊಡುತ್ತಿದ್ದರು. ಕೆಲವು ತಿಂಗಳ ಹಿಂದೆ ಒಂದು ಸೈಟಿನ ಅಳತೆಗೆಂದು ಹೋದವರು, ಟೇಪಿನ ಒಂದು ತುದಿ ಕೈಯಲ್ಲಿ ಹಿಡಿದುಕೊಂಡೇ ಕುಸಿದಿದ್ದರು. ಮದುವೆಯಾದಾಗಿನಿಂದ ಪಕ್ಕದಲ್ಲಿ ಕೂತು ಗೆರೆ ತಿದ್ದಿ, ಅಳತೆ ತುಂಬಿ ಅವಳಿಗೂ ಆ ಕೆಲಸ ಕೈಗೆ ಹತ್ತಿತ್ತು. ಈಗ ಅರ್ಧಕ್ಕೆ ನಿಂತಿದ್ದ ನಕ್ಷೆ ಒಬ್ಬ ಬಸ್ ಡ್ರೈವರನದು. ಅವನು ವಾರಕ್ಕೊಮ್ಮೆ ಫೋನ್ ಮಾಡಿ, "ಅವಸರ ಏನಿಲ್ಲ ಮೇಡಂ, ಸುಮ್ನೆ ಕೇಳಿದೆ," ಎನ್ನುತ್ತಿದ್ದ. ಅವನ ಅವಸರ ಎಷ್ಟೆಂದು ಅದರಲ್ಲೇ ತಿಳಿಯುತ್ತಿತ್ತು.

ನಕ್ಷೆಯ ಸಾಫ್ಟ್‌ವೇರ್ ಈ ಹಳೆಯ ಕಂಪ್ಯೂಟರಿನಲ್ಲಿ ಬಿಟ್ಟು ಬೇರೆಲ್ಲೂ ತೆರೆಯುತ್ತಿರಲಿಲ್ಲ. ಒಳಗಿನ ಹಾರ್ಡ್ ಡಿಸ್ಕ್ ಮಾತ್ರ ಕೊನೆಗಾಲಕ್ಕೆ ಬಂದಿತ್ತು. ಸ್ವಿಚ್ ಹಾಕಿದರೆ ಕಿರ್ರೆಂದು ನರಳಿ, ಟಕ್ ಟಕ್ ಎಂದು ಬಡಿದುಕೊಂಡು, ಪರದೆಯ ಮೇಲೆ ಏನಾದರೂ ಮೂಡುವಷ್ಟರಲ್ಲಿ ಒಲೆಯ ಮೇಲಿನ ಅನ್ನ ಬೆಂದಿರುತ್ತಿತ್ತು. ಇದೆಲ್ಲ ಮೈದುನನಿಗೆ ಗೊತ್ತಿತ್ತು.

ಅವಳು ಅವನಿಗೆ ಹೇಳದೆ ಉಳಿಸಿಕೊಂಡದ್ದು ಇನ್ನೊಂದಿತ್ತು. ಆ ಕಂಪ್ಯೂಟರ್ ದಿನಾ ಬೆಳಗಿನ ಜಾವ ತಾನಾಗಿಯೇ ಏಳುತ್ತಿತ್ತು.

ಗಂಡ ತೀರಿಕೊಂಡಾಗ ಮನೆ ತುಂಬ ನೆಂಟರಿದ್ದರು. ಯಾರೋ ಫೋನ್ ಚಾರ್ಜಿಗೆ ಹಾಕಲು ಕಂಪ್ಯೂಟರಿನ ವೈರ್ ಕಿತ್ತಿದ್ದರು. ಎಲ್ಲರೂ ಹೊರಟ ಮೇಲೆ, ಡ್ರೈವರನ ನಕ್ಷೆ ಎಲ್ಲಿಗೆ ಬಂದಿದೆ ನೋಡೋಣವೆಂದು ಅವಳು ವೈರ್ ಸಿಕ್ಕಿಸಿ, ನೋಡಿ, ಮತ್ತೆ ಆರಿಸಿ, ಬಾಗಿಲು ಹಾಕಿಕೊಂಡು ಬಂದಳು. ಮಾರನೆಯ ದಿನ ಇನ್ನೂ ಕತ್ತಲಿರುವಾಗ ಆ ಕೋಣೆಯಿಂದ ಕಿರ್ರೆಂಬ ಸದ್ದು ಬಂತು. ಅರೆನಿದ್ದೆಯಲ್ಲಿ ಅವಳು, ಇವರು ಎದ್ದರು, ಇನ್ನೇನು ಕಾಫಿಗೆ ನೀರಿಡುತ್ತಾರೆ, ಎಂದುಕೊಂಡು ಮಗ್ಗುಲಾದಳು. ಕೈ ಖಾಲಿ ಹಾಸಿಗೆಗೆ ತಾಗಿತು. ಬೆಳಕು ಹರಿಯುವವರೆಗೆ ಹೊದಿಕೆ ಸರಿಸಲಿಲ್ಲ. ಆಮೇಲೆ ಹೋಗಿ ನೋಡಿದರೆ ಪರದೆ ಉರಿಯುತ್ತಿತ್ತು, ಕುರ್ಚಿ ಖಾಲಿ ಇತ್ತು. ಅದನ್ನು ಆರಿಸಿ ಬಂದಳು. ಮರುದಿನವೂ ಅದೇ.

ವೈರ್ ಕಿತ್ತು ಹಾಕಿದ್ದರೆ ಮುಗಿಯುತ್ತಿತ್ತು. ಕೈ ಬರಲಿಲ್ಲ. ಒಂದು ದಿನ ಸದ್ದು ಶುರುವಾದಾಗ ನಡುಮನೆಯ ಮಂಚದಿಂದ ಅತ್ತೆ, "ಎದ್ದ," ಎಂದು ತಮಗೆ ತಾವೇ ಹೇಳಿಕೊಂಡದ್ದು ಕೇಳಿಸಿತು. ಅತ್ತೆಗೆ ಮರೆವೇನೂ ಇರಲಿಲ್ಲ. ಗ್ಯಾಸ್ ಯಾವತ್ತು ಮುಗಿಯುತ್ತದೆಂದು ಮೊದಲೇ ಹೇಳುವಂಥವರು. ಅವರು ಹಾಗೆಂದ ಮೇಲೆ ಅವಳಿಗೆ ಆ ಕೋಣೆಯ ಭಯಕ್ಕಿಂತ, ಅತ್ತೆಯ ಜೊತೆ ಆ ಮಾತೆತ್ತುವ ಭಯ ಹೆಚ್ಚಾಯಿತು. ಇಬ್ಬರೂ ದಿನಾ ಕೇಳಿಸಿಕೊಂಡರು. ಇಬ್ಬರೂ ಸುಮ್ಮನಿದ್ದರು.

ಮೈದುನ ಸೋತು ಹೊರಟ ಮೇಲೆ ಅವಳು ಬೋರ್ಡಿನ ಫೋಟೋ ತೆಗೆದುಕೊಂಡು, ಅವನು ತಂದಿದ್ದ ಪಟ್ಟಿಯನ್ನು ಪರ್ಸಿನಲ್ಲಿಟ್ಟುಕೊಂಡು ತಾನೇ ಕಂಪ್ಯೂಟರ್ ರಿಪೇರಿ ಅಂಗಡಿಗೆ ಹೋದಳು. ರಿಪೇರಿಯವನು ಫೋಟೋವನ್ನು ಬೆರಳಿನಲ್ಲಿ ಹಿಗ್ಗಿಸಿ ನೋಡಿದ.

"ಇದು ಆಗಿನ ಕಾಲದ್ದು ಮೇಡಂ. ಈ ಪಟ್ಟಿ ಕೂರೋಕೆ ಇದರಲ್ಲಿ ಬಾಯೇ ಇಲ್ಲ. ಬೇರೆ ಕಾರ್ಡ್ ಹಾಕಿ ಕೂರಿಸಬಹುದು, ಆದ್ರೆ ಈ ಬೋರ್ಡು ಅದರಿಂದ ಶುರುವಾಗಲ್ಲ."

"ಹಾಗಾದ್ರೆ ಯಾವುದು ಹಾಕ್ಬೇಕು?"

ಅವನು ಅಂಗೈಯಗಲದ ಚಪ್ಪಟೆ ಡಬ್ಬಿಯಂಥದ್ದೊಂದನ್ನು ಗಾಜಿನ ಕೌಂಟರಿನ ಮೇಲಿಟ್ಟ. "ಇದು. ಹಳೇ ಡಿಸ್ಕಿನ ವೈರೇ ಇದಕ್ಕೂ ಆಗತ್ತೆ. ಪೂರ್ತಿ ಸ್ಪೀಡ್ ಸಿಗಲ್ಲ, ಬೋರ್ಡ್ ಬಿಡಲ್ಲ. ಸಿಕ್ಕಷ್ಟೇ ನಿಮಗೆ ಹೆಚ್ಚಾಗತ್ತೆ ಬಿಡಿ."

ಅವಳು ಅದನ್ನು ಕೈಯಲ್ಲಿ ಹಿಡಿದಳು. ಭಾರವೇ ಇರಲಿಲ್ಲ. ಕಿವಿಯ ಹತ್ತಿರ ತಂದು ಅಲ್ಲಾಡಿಸಿದಳು.

ರಿಪೇರಿಯವನು ನಕ್ಕ. "ಒಳಗೆ ತಿರುಗೋದು ಏನೂ ಇಲ್ಲ ಮೇಡಂ. ಸದ್ದೇ ಇರಲ್ಲ."

ಅವಳಿಗೆ ನಗು ಬರಲಿಲ್ಲ. ಒಂದು ಗಳಿಗೆ ಅದನ್ನು ಅವನ ಕಡೆಗೇ ತಳ್ಳಿಬಿಡೋಣ ಅನ್ನಿಸಿತು. ಡ್ರೈವರನ ದನಿ ನೆನಪಾಯಿತು. "ನಾಳೆ ಬಂದು ಹಾಕಿಕೊಡಿ," ಎಂದಳು.

ಮರುದಿನ ಮಧ್ಯಾಹ್ನ ಅವನು ಬಂದು, ಹಳೆಯದರಲ್ಲಿದ್ದುದನ್ನೆಲ್ಲ ಹೊಸದಕ್ಕೆ ಇಳಿಸಲು ಕೂತ. "ಮಧ್ಯದಲ್ಲಿ ಹಳೇದು ಕೈಕೊಟ್ರೆ ನನ್ನ ಬೈಬೇಡಿ," ಎಂದು ಮೊದಲೇ ಹೇಳಿದ. ಡಿಸ್ಕ್ ಕಿರ್ರೆಂದು ಶುರುವಾಯಿತು. ಎಂದೂ ಇಷ್ಟು ಹೊತ್ತು ಅದು ಒಂದೇ ಸಮನೆ ಕೂಗಿರಲಿಲ್ಲ. ಅತ್ತೆ ಬಾಗಿಲ ಚೌಕಟ್ಟಿಗೆ ಒರಗಿ, ಕೈಯಲ್ಲಿದ್ದ ಹುರುಳಿಕಾಯಿಯ ನಾರು ತೆಗೆಯುವುದನ್ನು ಮರೆತು ನಿಂತಿದ್ದರು. ಒಂದೆರಡು ಸಲ ಟಕ್ಕೆಂದು ಪೂರ್ತಿ ನಿಂತುಹೋಯಿತು. ಮತ್ತೆ ಶುರುವಾದಾಗ ಅತ್ತೆ ಗೋಡೆಯ ಕಡೆಗೆ ಮುಖ ತಿರುಗಿಸಿಕೊಂಡರು.

ಸಂಜೆಯ ಹೊತ್ತಿಗೆ ಎಲ್ಲ ಇಳಿದಿತ್ತು. ಅವನು ಹೊಸದನ್ನು ಜೋಡಿಸಿ, ಫ್ಯಾನಿನ ಧೂಳು ಊದಿ, ಕಂಪ್ಯೂಟರಿನ ಸೆಟ್ಟಿಂಗ್ ತೆರೆದ. ನೋಡುತ್ತ ನೋಡುತ್ತ ಕೈ ನಿಲ್ಲಿಸಿದ.

"ಮೇಡಂ, ಇದು ದಿನಾ ಬೆಳಗಿನ ಜಾವ ತಾನಾಗೇ ಆನ್ ಆಗ್ತಿತ್ತಾ?"

ಅವಳು ಬಿಚ್ಚಿಟ್ಟಿದ್ದ ಹಳೆಯ ಡಿಸ್ಕನ್ನು ಮೇಜಿನ ಅಂಚಿನಿಂದ ಒಳಕ್ಕೆ ಸರಿಸಿದಳು.

"ಸಾರ್ ಬೋರ್ಡಿನಲ್ಲೇ ಅಲಾರಂ ಥರ ಟೈಮ್ ಇಟ್ಟಿದ್ದಾರೆ. ಹಳೇ ಡಿಸ್ಕ್ ಏಳೋಕೆ ತುಂಬ ಹೊತ್ತು ತಗೊಳ್ತಿತ್ತಲ್ಲ, ತಾವು ಬಂದು ಕೂರೋಷ್ಟರಲ್ಲಿ ರೆಡಿ ಇರಲಿ ಅಂತ. ಇನ್ನು ಇದು ಬೇಕಾಗಲ್ಲ. ತೆಗೆದುಬಿಡ್ಲಾ?"

ಇಷ್ಟು ದಿನ ಹೊದಿಕೆಯೊಳಗೆ ಬೆವರಿದ್ದಕ್ಕೆ ಕಾರಣ ಇಷ್ಟೇ. ನಿಟ್ಟುಸಿರು ಬರಬೇಕಿತ್ತು. ಬದಲಿಗೆ, ಎದುರಿಗೇ ಕೂತಿದ್ದ ಒಬ್ಬರು ಈಗ ಎದ್ದುಹೋದ ಹಾಗಾಯಿತು. ನನಗೊಂದು ಮಾತು ಹೇಳಿದ್ದರೆ ಆಗುತ್ತಿರಲಿಲ್ಲವೇ, ಎಂದು ಗಂಡನ ಮೇಲೆ ಸಿಟ್ಟೂ ಬಂತು. ಅವಳು ಬಾಗಿಲ ಕಡೆ ತಿರುಗಿದಳು. ಅತ್ತೆ ಎಲ್ಲ ಕೇಳಿಸಿಕೊಂಡಿದ್ದರು. ಹುರುಳಿಕಾಯಿಯ ತಟ್ಟೆ ಎತ್ತಿಕೊಂಡು ಒಳಗೆ ಹೋದರು.

"ಇರಲಿ ಬಿಡಿ," ಎಂದಳು ಅವಳು.

ಮಾರನೆಯ ಬೆಳಗಿನ ಜಾವ ಅವಳಿಗೆ ಮೊದಲೇ ಎಚ್ಚರವಾಗಿತ್ತು. ಎಷ್ಟು ಹೊತ್ತು ಕಾದರೂ ಕಿವಿಗೆ ಏನೂ ಬೀಳಲಿಲ್ಲ. ಬೀದಿಯಲ್ಲಿ ಒಂದು ಸೈಕಲ್ ಹೋಯಿತು. ಎಲ್ಲೋ ನಲ್ಲಿ ತೊಟ್ಟಿಕ್ಕುತ್ತಿತ್ತು. ಬಚ್ಚಲ ಬಾಗಿಲು ಕಿರುಗುಟ್ಟಿತು. ನಿಧಾನದ ಹೆಜ್ಜೆಗಳು ಅವಳ ಕೋಣೆಯವರೆಗೂ ಬಂದು ನಿಂತವು.

"ಇವತ್ತು ಏಳಲೇ ಇಲ್ಲ," ಎಂದರು ಅತ್ತೆ. ಮುಖ ತೊಳೆದು ಬಂದಿದ್ದರು. ಕೈ ಒರೆಸಿಕೊಂಡಿರಲಿಲ್ಲ.

ಅವಳು ಎದ್ದು ಕೂತಳು. "ಎದ್ದಿದ್ದಾರೆ ಅತ್ತೆ. ಸದ್ದು ಮಾಡ್ತಿಲ್ಲ, ಅಷ್ಟೆ. ಬನ್ನಿ."

ಕಂಪ್ಯೂಟರಿನ ಕೋಣೆಯ ಬಾಗಿಲ ಕೆಳಗಿನಿಂದ ತಿಳಿನೀಲಿ ಬೆಳಕು ನೆಲಕ್ಕೆ ಚೆಲ್ಲಿತ್ತು. ಬಾಗಿಲು ತಳ್ಳಿದಾಗ ಎಲ್ಲ ಮೂಡಿಕೊಂಡು ಪರದೆ ಸಿದ್ಧವಾಗಿತ್ತು. ಅತ್ತೆ ಹೊಸ್ತಿಲಲ್ಲೇ ನಿಂತರು.

"ಅವನಲ್ಲ ಅಂತ ನನಗೂ ಗೊತ್ತು ಕಣೆ. ಮೊದಲನೇ ಸಲಾನೇ ಬಾಗಿಲು ಸರಿಸಿ ನೋಡಿದ್ದೆ. ಯಾರೂ ಇರಲಿಲ್ಲ. ಆದ್ರೂ ಕೇಳಿಸ್ತಿತ್ತಲ್ಲ... ಕೇಳಿಸ್ಕೊಂಡು ಮಲಗಿರ್ತಿದ್ದೆ."

"ನಾನೂ ಅಷ್ಟೇ," ಎಂದಳು ಅವಳು.

ಅವಳು ಇನ್ನೊಂದು ಕುರ್ಚಿ ಎಳೆದು ಅತ್ತೆಯನ್ನು ಕೂರಿಸಿ, ಗಂಡನ ಕುರ್ಚಿಯಲ್ಲಿ ತಾನು ಕೂತಳು. ಡ್ರೈವರನ ನಕ್ಷೆ ಒತ್ತಿದ ಕೂಡಲೇ ತೆರೆದುಕೊಂಡಿತು. ಕಪ್ಪು ಹಿನ್ನೆಲೆಯ ಮೇಲೆ ಬಿಳಿ ಗೆರೆಗಳು. ನಡುಮನೆ, ಎರಡು ಕೋಣೆ, ಹಿತ್ತಲ ಬಾಗಿಲು.

"ಇದೇನಾ ಅವನು ಕೊನೇಲಿ ಮಾಡ್ತಿದ್ದದ್ದು?"

"ಹೂಂ. ಅಡುಗೆಮನೆ ಬಾಕಿ."

ಅತ್ತೆ ಮುಂದಕ್ಕೆ ಬಾಗಿ ಕಣ್ಣು ಕಿರಿದು ಮಾಡಿಕೊಂಡು ಬಹಳ ಹೊತ್ತು ನೋಡಿದರು. "ಒಲೆ ಈ ಮೂಲೆಗಿಟ್ರೆ ಹೊಗೆ ಎಲ್ಲಿ ಹೋಗತ್ತೆ? ಕಿಟಕಿ ಇಲ್ಲಿ ಬರ್ಬೇಕು," ಎಂದು ಪರದೆಗೆ ಬೆರಳು ಮುಟ್ಟಿಸಿದರು. ಅವಳು ಅಲ್ಲಿ ಕಿಟಕಿ ಇಟ್ಟಳು.

ಅತ್ತೆ ಕೈ ತೆಗೆದ ಮೇಲೂ ಬೆರಳ ತುದಿಯ ನೀರು ಗಾಜಿನ ಮೇಲೆ ಹನಿಯಾಗಿ ನಿಂತಿತ್ತು. ಒಂದು ಗಳಿಗೆ ಅದು ಅಲ್ಲೇ ಹೊಳೆದು, ಆಮೇಲೆ ಮೆಲ್ಲಗೆ ಜಾರತೊಡಗಿತು. ಅಡುಗೆಮನೆಯ ಗೋಡೆ ದಾಟಿ ನಡುಮನೆಗೆ, ಅಲ್ಲಿಂದ ಇನ್ನೂ ಗೆರೆ ಎಳೆಯದ ಅಂಗಳಕ್ಕೆ.